ಯಲಹಂಕದಲ್ಲಿ ಕಲಾಯಿ ಒಲೆ

ಬಾಗಲಗುಂಟೆಯ ಮಗಳ ಮನೆಗೆ ಹೊರಟವಳು ಯಲಹಂಕದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಮರದ ಕೆಳಗೆ, ಪಾತ್ರೆಗಳ ಒಳಮೈಗೆ ತವರ ಬಳಿಯುವ ಕಲಾಯಿ ಬಾಷಾ ಒಲೆಯ ತಿದಿ ಒತ್ತುತ್ತಿದ್ದ. ಸಾಬರಿಗೆ ಕೆಲಸ ಕೊಡಬೇಡಿ ಅಂತ ಮನೆಮನೆಗೆ ಚೀಟಿ ಹಂಚಿದ್ದರಂತೆ. ಊರು ಇವರಪ್ಪನದಾ? ವಾರದಿಂದ ಅವನ ಒಲೆ ಹೊತ್ತಿರಲಿಲ್ಲ. ಅದಕ್ಕೇ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿಯುವ ಸರೋಜ, ಅವಳ ಗೆಳತಿಯರು ರಜದ ದಿನ ಬೀದಿಬೀದಿ ಸುತ್ತಿ, ಹೆಂಗಸರಿಗೆ ಹೇಳಿ, ಹಿತ್ತಾಳೆ ಪಾತ್ರೆಗಳನ್ನು ಹೊತ್ತು ತಂದಿದ್ದರು.

ಚೀಟಿ ಹಂಚಿದವರಲ್ಲೊಬ್ಬ ಸೈಕಲ್ಲಿನಲ್ಲಿ ಬಂದ. "ನಾಚ್ಕೆ ಆಗಲ್ವೇನ್ರೀ? ಧರ್ಮ ಬೇಡ್ವಾ?"

"ನಿಮ್ಮವ್ವನ ಪಾತ್ರೆಗೆ ಕಲಾಯಿ ನೀನ್ ಹಾಕ್ತೀಯೇನೋ?" ಅಂದೆ.

ಸರೋಜ ಒಂದು ತಪ್ಪಲೆ ಎತ್ತಿ, ಕಂಠದಲ್ಲಿ ಕೊರೆದಿದ್ದ ಹೆಸರು ಓದಿದಳು. "ಗೌರಮ್ಮ. ಇದು ನಿಮ್ಮಮ್ಮನೇ ಕೊಟ್ಟಿದ್ದು ಕಣಪ್ಪ."

ಅವನು ಅದನ್ನು ಕಿತ್ತುಕೊಂಡು ಸೈಕಲ್ ಹತ್ತಿದ.

ಬಾಷಾ ಎದ್ದು ಕೂಗಿದ. "ಅಣ್ಣಾ, ಅದಕ್ಕಿನ್ನೂ ಕಲಾಯಿ ಆಗಿಲ್ಲ! ಹುಳಿ ಮಾಡ್ಬೇಡಿ, ಕಿಲುಬು ಬಿಟ್ಟು ವಿಷ ಆಗ್ತದೆ!"

"ತಿಂದ್ಕೊಂಡ್ ಸಾಯ್ಲಿ ಬಿಡು" ಅಂದೆ. ನನಗೆ ಅಷ್ಟು ಉರಿದಿತ್ತು.

"ಅವ್ರಮ್ಮನೂ ತಿನ್ಬೇಕಲ್ಲಜ್ಜಿ" ಎಂದು ಸರೋಜ ಸೆರಗು ಸಿಕ್ಕಿಸಿಕೊಂಡು ಅವನ ಮನೆಯ ಕಡೆಗೇ ನಡೆದಳು.

ಅವನ ಬಾಯಿಗೆ ಅವಳೊಬ್ಬಳು ಸಾಲಳು ಅಂತ ನಾನೂ ಹಿಂದೆ ಹೊರಟೆ.