ಅಕ್ಕನ ತೋಳಿನ ಅಳತೆ

ನನ್ನ ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕಿ ಗುಂಡಿ ಕೂರಿಸುತ್ತಿದ್ದವಳು ನನ್ನ ಅಕ್ಕ. ಇಪ್ಪತ್ತೆರಡು ವರ್ಷ ಕಿಟಕಿ ಪಕ್ಕದ ಅದೇ ಸ್ಟೂಲಿನ ಮೇಲೆ ಕೂತಳು. ಗಿರಾಕಿಗಳ ಬಾಯಲ್ಲಿ ಅವಳು ಗುಂಡಿಯಕ್ಕ. ಬಟ್ಟೆ ಹರಿದರೂ ಅವಳು ಹಾಕಿದ ಗುಂಡಿ ಕಿತ್ತು ಬರುತ್ತಿರಲಿಲ್ಲ. ನಾನು ಕತ್ತರಿ ಎಸೆದು ಕೂಗಾಡಿದ ದಿನ ಗಿರಾಕಿಯನ್ನು ಸಮಾಧಾನ ಮಾಡಿ ಕಳಿಸುತ್ತಿದ್ದವಳೂ ಅವಳೇ.

ಹೋದ ವರ್ಷ ಅವಳ ಗೌನು ಬಿಗಿಯಾಯಿತು. ನಾನೇ ಟೇಪು ಹಿಡಿದೆ. ಸೊಂಟ ಎರಡು ಇಂಚು ಹೆಚ್ಚಿತ್ತು. ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟೆ. ಎರಡು ತಿಂಗಳಿಗೆ ಮತ್ತೆ ಬಿಗಿ.

“ಕೂತಲ್ಲೇ ಕೂತು ತಿಂದ್ರೆ ಇನ್ನೇನಾಗುತ್ತೆ?”

“ತಿನ್ನೋದೆಲ್ಲಿ ಬಂತೋ, ಎರಡು ತುತ್ತಿಗೇ ಹೊಟ್ಟೆ ತುಂಬಿಬಿಡುತ್ತೆ.”

“ಟೇಪು ಸುಳ್ಳು ಹೇಳಲ್ಲ ಕಣೆ!”

ಗಂಟೆಗೆ ಎರಡು ಸಲ ಮೂತ್ರಕ್ಕೆ ಎದ್ದು ಹೋದರೆ, ಕೆಲಸ ತಪ್ಪಿಸುವ ನೆಪ ಎಂದು ಗಿರಾಕಿಗಳ ಮುಂದೆಯೇ ಬೈದೆ. ಮೂರನೆಯ ಸಲ ಅಳೆದಾಗ ಸೊಂಟ ಇನ್ನೂ ಹೆಚ್ಚಿತ್ತು, ತೋಳು ಮಾತ್ರ ಒಂದು ಇಂಚು ಇಳಿದಿತ್ತು. ಮೈ ಬಂದವರಿಗೆ ತೋಳೂ ತುಂಬಿಕೊಳ್ಳುತ್ತದೆ. ದರ್ಜಿಯಾದವನಿಗೆ ಅದು ಗೊತ್ತಿರಬೇಕು. ನನಗೂ ಗೊತ್ತಿತ್ತು. ಆದರೂ ಬರೆದುಕೊಂಡು ಅಳತೆ ಪುಸ್ತಕ ಮುಚ್ಚಿದೆ.

ಕೊನೆಗೆ ನನ್ನ ಹೆಂಡತಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು. ಸ್ಕ್ಯಾನ್, ರಕ್ತ ಪರೀಕ್ಷೆ ಆದ ಮೇಲೆ ಡಾಕ್ಟರಮ್ಮ ನನ್ನನ್ನೂ ಕರೆಸಿದರು. ಅಂಡಾಶಯದಲ್ಲಿ ಗಡ್ಡೆ ಇದೆ, ಹೊಟ್ಟೆಯಲ್ಲಿ ನೀರು ತುಂಬಿದೆ, ಕ್ಯಾನ್ಸರ್ ಇರುವಂತಿದೆ ಎಂದರು.

“ಹೊಟ್ಟೆ ಊದೋಕೆ ಶುರುವಾಗಿ ಎಷ್ಟು ದಿನ ಆಯ್ತಮ್ಮ?”

ಅಕ್ಕ ನನ್ನ ಕಡೆ ನೋಡಿದಳು. “ಈಚೆಗೆ ಮೇಡಂ. ಹದಿನೈದು ದಿನ ಇರಬಹುದು.”

ಆ ಸುಳ್ಳು ನನ್ನ ಮಾನ ಉಳಿಸಲಿಕ್ಕೆ. ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು.

“ಇಲ್ಲ ಮೇಡಂ, ಐದು ತಿಂಗಳು” ಎಂದು ಜೇಬಿನಿಂದ ಅಳತೆ ಪುಸ್ತಕ ತೆಗೆದಿಟ್ಟೆ. ಮೂರು ತಾರೀಖು, ಏರಿದ ಸೊಂಟ, ಇಳಿದ ತೋಳು, ನನ್ನದೇ ಕೈಬರಹ.

ಅವರು ಓದಿದರು. “ಇಷ್ಟು ಚೆನ್ನಾಗಿ ಬರೆದಿಟ್ಟಿದ್ದೀರಿ. ಆಗಲೇ ಕರ್ಕೊಂಡು ಬರಬಾರದಿತ್ತಾ?”

ಬೇರೆ ಯಾರಾದರೂ ಹಾಗೆ ಕೇಳಿದ್ದರೆ ಜಗಳಕ್ಕೇ ಬಿದ್ದಿರುತ್ತಿದ್ದೆ. ಅಂದು “ತಪ್ಪು ನನ್ನದೇ ಮೇಡಂ” ಎಂದೆ.

ಆಪರೇಷನ್ ಆಯಿತು. ಆರು ಸಲ ಕೀಮೋ ಆಯಿತು. ಕೂದಲು ಉದುರಿತು. ಬೇಗ ಬಂದಿದ್ದರೆ ಇಷ್ಟು ಹರಡುತ್ತಿರಲಿಲ್ಲವೇ ಎಂದು ಕೇಳಿದ್ದಕ್ಕೆ, ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರಮ್ಮ. ಆ ಮಾತಿನ ಹಿಂದೆ ಅಡಗಿಕೊಳ್ಳಲು ನನಗೆ ಮುಖವಿಲ್ಲ.

ಈಗ ಅವಳು ಅರ್ಧ ದಿನ ಅಂಗಡಿಗೆ ಬರುತ್ತಾಳೆ. ಮೊನ್ನೆ ಹೊಸ ಗೌನಿಗೆಂದು ಎದ್ದು ನಿಂತಳು. ನಾನು ಟೇಪು ಬಿಚ್ಚಿದೆ. ಗಿರಾಕಿಗಳೂ ಇದ್ದರು.

“ತೋಳಿಂದ ಶುರುಮಾಡೋ ಮಹಾನುಭಾವ” ಎಂದು ಕೈ ಚಾಚಿದಳು.

ಕಣ್ಣೆತ್ತದೆ ಟೇಪು ಸುತ್ತಿದೆ.