ಇನ್ನೈದು ನಿಮಿಷದ ಅಕ್ಕ

ವಿಮಾನ ಮೇಲೇಳದೆ ಬಿಸಿಲಲ್ಲಿ ಕಾದ ಕಾವಲಿಯಂತೆ ನಿಂತಿತೆಂದರೆ ನಮ್ಮ ಗಗನಸಖಿ ಅಕ್ಕನ ಕಳೆಯೇ ಬೇರೆ. "ಇನ್ನೈದೇ ನಿಮಿಷ" ಎನ್ನುತ್ತ ಮೊದಲ ಸಾಲಿನಿಂದ ಹೊರಟವಳು ಕೊನೆಯ ಸಾಲು ಮುಟ್ಟುವಷ್ಟರಲ್ಲಿ ಆ ಐದು ನಿಮಿಷ ಮರಿ ಹಾಕಿರುತ್ತದೆ. ಒಬ್ಬರು ಏಸಿ ಎಲ್ಲಿ ಎನ್ನುತ್ತಾರೆ, ಇನ್ನೊಬ್ಬರು ಪೈಲಟ್‌ನನ್ನೇ ಕರೆಸು ಎನ್ನುತ್ತಾರೆ. ಅಕ್ಕ ಬೀಗರನ್ನು ಉಪಚರಿಸುವವಳಂತೆ ನಗುತ್ತ ಎಲ್ಲರಿಗೂ ನೀರು ಕೊಡುತ್ತಾಳೆ, ಕೊಡುವಾಗ ಮೆಲ್ಲಗೆ ಕೈ ಮುಟ್ಟುತ್ತಾಳೆ. ಜನ ಅದನ್ನು ಮರ್ಯಾದೆ ಎಂದುಕೊಳ್ಳುತ್ತಾರೆ. ಅವಳು ನೋಡುವುದು ಮೈ ಎಷ್ಟು ಬಿಸಿಯಾಗಿದೆ ಎಂದು. "ಕೂಗೋರಿಗೆ ಏನೂ ಆಗಲ್ಲ ಕಣೇ, ಸುಮ್ನಾದೋರನ್ನ ನೋಡು" ಎನ್ನುವುದು ಜೊತೆಯವರಿಗೆ ಅವಳ ಪಾಠ. ಮೊನ್ನೆ ಕಿಟಕಿ ಬದಿಯ ಅಜ್ಜಿ ಮಾತು ನಿಲ್ಲಿಸಿ ಕಣ್ಣು ಮುಚ್ಚಿದ್ದನ್ನು ಕಂಡವಳೇ ಅವರ ಕತ್ತಿಗೆ ಒದ್ದೆ ಬಟ್ಟೆ ಹಾಕಿದಳು. ಪಕ್ಕದಲ್ಲಿ "ನಿಮ್ಮ ಐದು ನಿಮಿಷಕ್ಕೆ ಬೆಂಕಿ ಬೀಳ!" ಎಂದು ಅರಚುತ್ತಿದ್ದ ದಪ್ಪ ಮೀಸೆಯವರ ಕೈಗೆ ಸುರಕ್ಷತಾ ಸೂಚನೆಯ ರಟ್ಟು ತುರುಕಿ, "ಅಣ್ಣಾ, ನಿಮ್ಮ ತೋಳಲ್ಲಿ ಬಲ ಇದೆ, ಸ್ವಲ್ಪ ಬೀಸಿ" ಎಂದಳು. ಮೀಸೆಯವರು ಗೊಣಗುತ್ತಲೇ ಬೀಸಿದರು, ಆಮೇಲೆ ಗೊಣಗುವುದನ್ನೂ ಮರೆತು ಬೀಸಿದರು. ಕೊನೆಗೆ ಅಜ್ಜಿ ಕಣ್ಣು ಬಿಟ್ಟು, "ಯಾವಾಗಪ್ಪಾ ಹೊರಡೋದು?" ಎಂದು ಕೇಳಿದರು. ಮೀಸೆಯವರು ಹಣೆಯ ಬೆವರು ಒರೆಸಿಕೊಂಡು, "ಇನ್ನೈದೇ ನಿಮಿಷ ಅಮ್ಮಾ" ಎಂದರು.