ಕಾಕಾನ ಬಂದೂಕಿನ ಕಟ್ಟಿಗೆ

ಮೊನ್ನೆ ಬಾಗಿಲಿಗೆ ಹಚ್ಚಲೆಂದು ಬಡಿಗೇರರು ಅಗಸಿ ಎಣ್ಣೆಯ ಡಬ್ಬಿ ತೆರೆದರು. ಆ ಒಗರು ವಾಸನೆ ಬರುತ್ತಲೇ ನನಗೆ ದೇವಣಗಾಂವದ ನಮ್ಮ ಹಳೆಯ ಪಡಸಾಲೆ ನೆನಪಾಯಿತು. ಅಲ್ಲಿ ಅಜ್ಜ ಗೋಡೆಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ಬಂದೂಕಿನ ಹಿಂಬದಿಯ ಕಟ್ಟಿಗೆ ಇಟ್ಟುಕೊಂಡು ಕೂತಿರುತ್ತಿದ್ದ. ನಮ್ಮದು ಉಳ್ಳಾಗಡ್ಡಿಯನ್ನೂ ಒಳಗೆ ಬಿಡದ ವೈಷ್ಣವರ ಮನೆ. ಬಂದೂಕು ಇದ್ದದ್ದು ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು. ಲೈಸೆನ್ಸು ಅಜ್ಜನದಾದರೂ ಅದರಲ್ಲಿ ಕಾಕಾನ ಹೆಸರೂ ಇತ್ತು. ಹಾರಿಸುತ್ತಿದ್ದವನು ಕಾಕಾನೇ, ಅದೂ ಆಕಾಶಕ್ಕೆ. ಅಪ್ಪನ ತಮ್ಮ ಅವನು, ಇನ್ನೂ ಮದುವೆಯಾಗಿರಲಿಲ್ಲ. ಒಂದು ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡ. ಆಮೇಲೆ ಬಂದೂಕು ಪೆಟ್ಟಿಗೆ ಸೇರಿತು.

ಮರುವರ್ಷ ಭೀಮಾ ನದಿ ಊರೊಳಗೆ ಬಂತು. ಹಿಟ್ಟು, ಹಾಸಿಗೆ ಹೊತ್ತುಕೊಂಡು ಎತ್ತರದಲ್ಲಿದ್ದ ಶಾಲೆಗೆ ಓಡಿದೆವು. ನೀರಿಳಿದ ಮೇಲೆ ಮನೆಗೆ ಬಂದರೆ ಎಲ್ಲೆಲ್ಲೂ ಮೊಣಕಾಲುದ್ದ ಕೆಸರು. ಗೋಡೆಗಿದ್ದ ಕಾಕಾನ ಎರಡು ಫೋಟೋಗಳಲ್ಲಿ ಮುಖವಿದ್ದ ಜಾಗ ಬರೀ ಹಳದಿ ಕಲೆಯಾಗಿತ್ತು. ಆಯಿ, ಅಂದರೆ ನಮ್ಮಜ್ಜಿ, ಅಳಲಿಲ್ಲ. ಚೌಕಟ್ಟು ಒರೆಸಿ, ಗೋಡೆಯ ಕಡೆ ಮುಖ ಮಾಡಿ ಇಟ್ಟುಬಿಟ್ಟಳು. ಪೆಟ್ಟಿಗೆಯಲ್ಲಿ ಬಂದೂಕಿನ ಕಟ್ಟಿಗೆ ಉಬ್ಬಿ, ಬೂಸಲು ಹಿಡಿದು ಬೆಳ್ಳಗಾಗಿತ್ತು.

ಅಜ್ಜ ಅದನ್ನು ವಿಜಯಪುರದ ರಿಪೇರಿ ಅಂಗಡಿಗೆ ಒಯ್ದಾಗ ನಾನೂ ಜೊತೆಗಿದ್ದೆ. ನಳಿಗೆಯನ್ನು ಸ್ವಚ್ಛ ಮಾಡಬಹುದು, ಕಟ್ಟಿಗೆ ಮಾತ್ರ ಹೊಸದು ಹಾಕಿಸಿರಿ ಎಂದ ಅಂಗಡಿಯವನು.

“ಹಳೇದು ಉಳಿಯೂದಿಲ್ಲೇನು?” ಅಜ್ಜ ಕೇಳಿದ.

“ಉಳಿತೈತ್ರಿ. ಖರೆ, ಭಾಳ ಸಮಾಧಾನ ಬೇಕು. ಬಿಸಲಿಗಿಟ್ರ ಸೀಳಿ ಹೋಕ್ಕೈತಿ.”

ನಳಿಗೆ ಅಂಗಡಿಯಲ್ಲೇ ಉಳಿಯಿತು, ಕಟ್ಟಿಗೆಯಷ್ಟೇ ಮನೆಗೆ ಬಂತು. ಅಜ್ಜ ಅದರ ಕೆಸರು ತೊಳೆದು, ಆಯಿಯ ಹಳೆಯ ನೂಲಿನ ಸೀರೆಯಲ್ಲಿ ಸುತ್ತಿ ನೆರಳಿಗಿಟ್ಟ. ದಿನಾ ಬಟ್ಟೆ ಬದಲಿಸಿ, ಮಗ್ಗುಲು ಹೊರಳಿಸಿಡುವುದು ನನ್ನ ಕೆಲಸ. ದೀಪಾವಳಿ ದಾಟಿತು, ಕಟ್ಟಿಗೆ ಹಗುರಾಯಿತು. ತಗ್ಗು ಬಿದ್ದಲ್ಲಿ ಒದ್ದೆ ಬಟ್ಟೆ ಹಾಸಿ ಅಜ್ಜ ಬಿಸಿ ಇಸ್ತ್ರಿ ಒತ್ತಿದ. ತಗ್ಗು ಮೆಲ್ಲಗೆ ಮೇಲೆದ್ದಿತು. ಆಮೇಲೆ ಪಾಲಿಶ್ ಕಾಗದ ಹಿಡಿದು ಹಿಂಬದಿಯಿಂದ ತಿಕ್ಕುತ್ತ ಬಂದ. ಬೂದು ಬಣ್ಣ ಕಳಚಿ ಒಳಗಿನ ಕೆಂಪು ಕಾಣತೊಡಗಿತು. ಕಾಗದ ಒಂದು ಕಪ್ಪು ಜಾಗಕ್ಕೆ ಬಂದಾಗ ಆಯಿ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಹೊರಗೆ ಬಂದಳು.

“ಅಲ್ಲಿ ತಿಕ್ಕಬ್ಯಾಡ್ರಿ.”

“ಕೆಸರು ಹಿಡದದ ನೋಡು.”

“ಕೆಸರಲ್ಲರೀ ಅದು. ಅಂವ ಹೊಲಾ ಕಾಯೂವಾಗ ಗಲ್ಲಾ ಇಡತಿದ್ದನಲ್ಲ, ಅಲ್ಲಿ.”

ಅಜ್ಜ ಹೆಬ್ಬೆರಳಿಂದ ಸವರಿ ನೋಡಿದ. ವರ್ಷಗಟ್ಟಲೆ ಗಲ್ಲ ತಾಗಿ, ಬೆವರು ಕುಡಿದು ಅಷ್ಟು ಜಾಗ ಸವೆದು ನುಣುಪಾಗಿತ್ತು. ಅಜ್ಜ ಕಾಗದ ಕೆಳಗಿಟ್ಟ. ಅಂಗೈಗೆ ಅಗಸಿ ಎಣ್ಣೆ ಸುರಿದುಕೊಂಡು ಉಳಿದ ಭಾಗಕ್ಕೆಲ್ಲ ಹಚ್ಚತೊಡಗಿದ. ಬಂದೂಕನ್ನು ಎಂದೂ ಮುಟ್ಟದಿದ್ದ ಆಯಿ ಪಕ್ಕದಲ್ಲಿ ಕೂತು ಕೈ ಚಾಚಿದಳು. “ನನಗೂ ಒಂದೀಟು ಹಾಕ್ರಿ.” ಅವಳು ಎಣ್ಣೆ ಹಚ್ಚಿದ್ದು ಅಷ್ಟು ಜಾಗಕ್ಕೆ ಮಾತ್ರ, ಕೂಸಿನ ಮೈಗೆ ಹಚ್ಚುವ ಹಾಗೆ. ಹೋದವರ ಒಂದು ವಸ್ತು ನಿಮ್ಮ ಮನೆಯಲ್ಲೂ ಉಳಿದಿದ್ದರೆ, ನಾನು ಹೆಚ್ಚು ಹೇಳಬೇಕಿಲ್ಲ.

ಬಂದೂಕು ಮತ್ತೆ ಒಂದುಗೂಡಿತು. ಅಜ್ಜ ಅದನ್ನು ಒಮ್ಮೆಯೂ ಹಾರಿಸಲಿಲ್ಲ. ಕೆಲವು ವರ್ಷಗಳ ಮೇಲೆ ಅವನ ಕೈ ನಡುಗತೊಡಗಿತು, ಲೈಸೆನ್ಸು ಬೇಡವೆಂದು ಬರೆದುಕೊಟ್ಟ. ಈಗ ಅಜ್ಜ, ಆಯಿ ಇಬ್ಬರೂ ಇಲ್ಲ, ಆ ಮನೆಯಿದ್ದಲ್ಲಿ ಜಾಲಿ ಬೆಳೆದಿದೆ. ಬಂದೂಕು ಠಾಣೆಗೆ ಒಪ್ಪಿಸಿ ಅಜ್ಜ ಮಧ್ಯಾಹ್ನದ ಬಸ್ಸಿಗೆ ಸಿಂದಗಿಯಿಂದ ಮರಳಿದ ದಿನ ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

“ಕೊಟ್ಟು ಬಂದ್ರಿ?” ಆಯಿ ಕೇಳಿದಳು.

“ಕೊಟ್ಟೆ.”

“ಏನರೆ ಅಂದ್ರೇನು?”

“ಕಟ್ಟಿಗಿ ಛಲೋ ಇಟ್ಟೀರಿ ಅಂದ್ರು.”

ಆಯಿ ಹೂಂಗುಟ್ಟಿದಳು. ಗಂಡ ಉಂಡೆದ್ದ ಮೇಲೆಯೇ ಉಣ್ಣುತ್ತಿದ್ದವಳು ಅಂದು ಎರಡು ತಾಟು ಹಾಕಿ, ಅವನ ಪಕ್ಕದಲ್ಲೇ ಊಟಕ್ಕೆ ಕೂತಳು.